ಯಾರಿಗಾಗಿ ಈ ಗೋಪುರ?



ಕಳೆದ ತಪಸ್ಸುಕಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ದಂಪತಿಗಳಿಬ್ಬರು ನನ್ನ ಬಳಿ ಬಂದರು. ಪತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿ. "ಫಾದರ್, ಒಂದು ದೊಡ್ಡ ಪರೀಕ್ಷೆಗೆ ಕೂರಬೇಕು ಅಂತಿದ್ದೀನಿ, ಆಶೀರ್ವಾದ ಮಾಡಿ" ಎಂದರು. ಪತ್ನಿ ನಗುತ್ತಲೇ, "ಎರಡು ವರ್ಷದಿಂದ ಓದ್ತಾನೇ ಇದ್ದಾರೆ ಫಾದರ್. ನಿಮಗೋಸ್ಕರ ತಾನೇ ಅಂತಾರೆ. ನಮಗೇನು ಬೇಕು ಅಂತ ಮಾತ್ರ ಒಂದು ದಿನವೂ ಕೇಳಿಲ್ಲ" ಎಂದರು. ನಾನು ಆಶೀರ್ವದಿಸಿ ಕಳುಹಿಸಿದೆ. ಆದರೆ ಆ ತಾಯಿಯ ಮಾತು ನನ್ನನ್ನು ಬಿಡಲಿಲ್ಲ. ಅವರಿಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆ ಪರೀಕ್ಷೆ ಸೇಲ್ಸ್‌ಫೋರ್ಸ್ ಎಂಬ ಅಮೆರಿಕದ ಕಂಪನಿ ನಡೆಸುವ 'ಟೆಕ್ನಿಕಲ್ ಆರ್ಕಿಟೆಕ್ಟ್' ಪರೀಕ್ಷೆ. ದೊಡ್ಡ ಸಂಸ್ಥೆಯೊಂದರ ಮಾರಾಟ, ಗ್ರಾಹಕರ ವಿವರ, ದೂರುಗಳು, ಇವೆಲ್ಲವನ್ನೂ ನೋಡಿಕೊಳ್ಳುವ ಕಂಪ್ಯೂಟರ್ ವ್ಯವಸ್ಥೆಗೆ ಒಟ್ಟು ನಕ್ಷೆ ಹಾಕುವವರೇ ಆರ್ಕಿಟೆಕ್ಟರು. ಮೊದಲು ಹಲವು ಪರೀಕ್ಷೆಗಳನ್ನು ದಾಟಬೇಕು. ಕೊನೆಯದು ಪರೀಕ್ಷಕ ಮಂಡಳಿಯ ಮುಂದೆ. ಕಲ್ಪಿತ ಕಂಪನಿಯೊಂದರ ಕಷ್ಟಗಳನ್ನೆಲ್ಲ ಬರೆದು ಕೈಗೆ ಕೊಡುತ್ತಾರೆ. ಕೆಲವೇ ಗಂಟೆಗಳಲ್ಲಿ ಪರಿಹಾರ ರೂಪಿಸಿ, 45 ನಿಮಿಷ ವಿವರಿಸಿ, ಆಮೇಲೆ ಪ್ರಶ್ನೆಗಳಿಗೆ ಉತ್ತರಿಸಬೇಕು. ಶುಲ್ಕ ಸಾವಿರಾರು ಡಾಲರ್. ಮೊದಲ ಸಲಕ್ಕೆ ತೇರ್ಗಡೆಯಾಗದವರೇ ಬಹಳ.

ಇಷ್ಟು ಎತ್ತರಕ್ಕೆ ಆಸೆಪಡುವುದು ಅಹಂಕಾರವೇ? ಅಲ್ಲ. ಸಂತ ಥಾಮಸ್ ಅಕ್ವಿನಾಸರು ಮಹಾಮನಸ್ಕತೆಯನ್ನು ಒಂದು ಸದ್ಗುಣವೆಂದೇ ಬೋಧಿಸಿದ್ದಾರೆ. ದೇವರು ಕೊಟ್ಟ ಸಾಮರ್ಥ್ಯವನ್ನು ನೆನೆದು ದೊಡ್ಡ ಕೆಲಸಕ್ಕೆ ಕೈಹಾಕುವುದು ಮಹಾಮನಸ್ಕತೆ. ನಮ್ಮ ಕೊರತೆಯನ್ನು ನೆನೆದು ತಲೆಬಾಗುವುದು ದೀನತೆ. ಇವೆರಡೂ ಒಂದೇ ಹೃದಯದಲ್ಲಿ ಇರಬಲ್ಲವು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ತಮ್ಮನ್ನೇ ಜಾಣ ಶಿಲ್ಪಿಗೆ ಹೋಲಿಸಿಕೊಳ್ಳುತ್ತಾರೆ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ 'ಆರ್ಕಿಟೆಕ್ಟೋನ್'. ಇಂದಿನ ಆರ್ಕಿಟೆಕ್ಟ್ ಎಂಬ ಪದ ಬಂದದ್ದೂ ಅದರಿಂದಲೇ.

ಹಾಗಾದರೆ ತಪ್ಪು ಎಲ್ಲಿ ನುಸುಳುತ್ತದೆ? ಗೌರವದ ಆಸೆ ಮೂರು ವಿಧದಲ್ಲಿ ಹಾದಿ ತಪ್ಪುತ್ತದೆ ಎಂದು ಅಕ್ವಿನಾಸರು ವಿವರಿಸುತ್ತಾರೆ. ನಮ್ಮಲ್ಲಿಲ್ಲದ ಹಿರಿಮೆಗೆ ಗೌರವ ಬಯಸಿದಾಗ. ಆ ಗೌರವ ದೇವರಿಗೆ ಸಲ್ಲಬೇಕೆಂಬುದನ್ನು ಮರೆತಾಗ. ಅದನ್ನು ಇತರರ ಹಿತಕ್ಕೆ ಬಳಸದೆ ನಮ್ಮಲ್ಲೇ ಇಟ್ಟುಕೊಂಡಾಗ. ಮೊದಲನೆಯದನ್ನು ಪರೀಕ್ಷಕರು ಪತ್ತೆಹಚ್ಚಿಯಾರು. ಎರಡನೆಯದು ಪ್ರಾರ್ಥನೆಯಲ್ಲಿ ಬಯಲಾಗುತ್ತದೆ. ಮೂರನೆಯದು ಬಹಳ ಸೂಕ್ಷ್ಮ. ಏಕೆಂದರೆ 'ನಿಮಗೋಸ್ಕರ' ಎಂಬ ಮಾತಿನ ಹಿಂದೆಯೂ ಅದು ಅಡಗಿ ಕೂರಬಲ್ಲದು.

ಕೆಲವು ದಿನಗಳ ನಂತರ ಪತಿ ಒಬ್ಬರೇ ಬಂದರು. "ಫಾದರ್, ನನಗೆ ನಲವತ್ತು ದಾಟಿತು. ಮನೆ ಸಾಲ ಇದೆ. ಚಿಕ್ಕ ವಯಸ್ಸಿನವರು ಮುಂದೆ ಹೋಗ್ತಿದ್ದಾರೆ. ಕೆಲಸ ಹೋದರೆ ಮಕ್ಕಳ ಗತಿಯೇನು?" ಎಂದರು. ಅದು ದುರಾಸೆಯಲ್ಲ, ಭಯ. ಮನೆಯ ಯಜಮಾನನೊಬ್ಬ ರಾತ್ರಿ ಒಬ್ಬನೇ ಹೊತ್ತುಕೊಂಡು ಮಲಗುವ ಭಯ. ಅದನ್ನು ನಾನು ಹಗುರವಾಗಿ ಕಾಣಲಾರೆ.

ಪರೀಕ್ಷೆಯಲ್ಲಿ ಏನು ಕಷ್ಟ ಎಂದು ಕೇಳಿದೆ. "ಪ್ರತಿಯೊಂದಕ್ಕೂ ಕಾರಣ ಕೊಡಬೇಕು ಫಾದರ್. ಒಂದು ಕಡೆ ಭಾರ ಇಳಿಸಿದರೆ ಇನ್ನೊಂದು ಕಡೆ ಏರುತ್ತೆ, ಅದನ್ನು ನಾವೇ ಹೇಳಬೇಕು. ಏನೇನು ಊಹೆ ಮಾಡ್ಕೊಂಡಿದ್ದೀವಿ ಅನ್ನೋದನ್ನೂ ಬಾಯಿಬಿಟ್ಟು ಹೇಳಬೇಕು" ಎಂದರು.

ಓದುಗ ಬಂಧುಗಳೇ, ಇದು ಆತ್ಮಶೋಧನೆಗೆ ಹೇಳಿ ಮಾಡಿಸಿದ ಪಾಠವಲ್ಲವೇ? ಓದಿಗೆಂದು ಮನೆಯಿಂದ ತೆಗೆದ ಎರಡು ಗಂಟೆ ಮಾಯವಾಗುವುದಿಲ್ಲ. ಆ ಭಾರ ಇನ್ನೊಬ್ಬರ ಹೆಗಲಿಗೆ ಏರುತ್ತದೆ. ಮಗುವಿನ ಹೋಂವರ್ಕ್, ಅತ್ತೆಯ ಔಷಧಿ, ಅಂಗಡಿಯ ಸಾಮಾನು, ಎಲ್ಲವೂ. 'ಅವಳು ನೋಡಿಕೊಳ್ಳುತ್ತಾಳೆ' ಎಂಬುದು ನಮ್ಮ ಊಹೆ. ಅದನ್ನು ನಾವು ಬಾಯಿಬಿಟ್ಟು ಹೇಳಿರುವುದೇ ಇಲ್ಲ. ಪರೀಕ್ಷಕರ ಮುಂದೆ ಒಪ್ಪಿಸುವ ಲೆಕ್ಕವನ್ನು ಬಲಿಪೀಠದ ಮುಂದೆ ಕೈಹಿಡಿದವಳಿಗೆ ಒಪ್ಪಿಸದಿದ್ದರೆ ಅದು ನ್ಯಾಯವೇ?

ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ ಎಂದು ಯೇಸುಸ್ವಾಮಿ ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಕೇಳುತ್ತಾರೆ. ಶಿಷ್ಯತ್ವದ ಬೆಲೆಯ ಕುರಿತು ಹೇಳಿದ ಮಾತದು. ಆದರೆ ಮನೆಗೂ ಸಲ್ಲುತ್ತದೆ. ಇಬ್ಬರ ಬದುಕಿನಿಂದ ಖರ್ಚಾಗುವಾಗ ಲೆಕ್ಕಕ್ಕೆ ಇಬ್ಬರೂ ಕೂರಬೇಕು. ಕೇಳದೆ ಕೊಟ್ಟ ತ್ಯಾಗ ಎಷ್ಟೋ ಸಲ ಕೊಟ್ಟವರಿಗೇ ತೃಪ್ತಿ, ಪಡೆದವರಿಗೆ ಹೊರೆ. ಸಂತ ಎರಡನೇ ಜಾನ್ ಪಾಲರು 1981ರಲ್ಲಿ ದುಡಿಮೆಯ ಕುರಿತು ಬರೆದ 'ಲಾಬೋರೆಮ್ ಎಕ್ಸೆರ್ಸೆನ್ಸ್' ಎಂಬ ವಿಶ್ವಪತ್ರದಲ್ಲಿ, ದುಡಿಮೆ ಮನುಷ್ಯನಿಗಾಗಿ ಇದೆಯೇ ಹೊರತು ಮನುಷ್ಯ ದುಡಿಮೆಗಾಗಿ ಅಲ್ಲ ಎಂದು ಬೋಧಿಸಿದರು. ಓದಿಗೂ ಇದು ಅನ್ವಯಿಸುತ್ತದೆ.

ನಾನು ಅವರಿಗೆ ಓದು ಬಿಡಿ ಎನ್ನಲಿಲ್ಲ. "ಮನೆಗೆ ಹೋಗಿ ಆಕೆಯನ್ನು ಕೇಳಿ" ಎಂದಷ್ಟೇ ಹೇಳಿದೆ. ಮುಂದಿನ ಭಾನುವಾರ ಅವರೇ ಬಂದು ತಿಳಿಸಿದರು. ಪತ್ನಿಗೂ ಆತ ಓದು ನಿಲ್ಲಿಸುವುದು ಬೇಕಿರಲಿಲ್ಲ. "ರಾತ್ರಿ ಜಪಸರಕ್ಕೆ ನಮ್ಮ ಜೊತೆ ಕೂತ್ಕೊಳ್ಳಿ, ಊಟ ಒಟ್ಟಿಗೆ ಮಾಡೋಣ, ಆಮೇಲೆ ಓದಿ. ಸಾಲದ ಚಿಂತೆ ಇದ್ದರೆ ನನಗೂ ಹೇಳಿ" ಎಂದರಂತೆ. ಪರೀಕ್ಷೆ ಇನ್ನೂ ಮುಂದಿದೆ. ಫಲಿತಾಂಶ ಏನಾದೀತೋ ದೇವರಿಗೆ ಗೊತ್ತು.

ನಿಮ್ಮ ಮನೆಯಲ್ಲಿ ಕಟ್ಟುತ್ತಿರುವ ಗೋಪುರ ಬೇರೆ ಇರಬಹುದು. ವಿದೇಶಕ್ಕೆ ಹೊರಟ ನರ್ಸ್ ಮಗಳ ಪರೀಕ್ಷೆ, ಮಗನ ಕೋಚಿಂಗ್, ಅಂಗಡಿಯ ವಿಸ್ತರಣೆ. ಕಟ್ಟಿರಿ, ಎತ್ತರವಾಗಿಯೇ ಕಟ್ಟಿರಿ. ಆದರೆ ಕ್ರಿಸ್ತನನ್ನು ಬಿಟ್ಟು ಬೇರೆ ಅಸ್ತಿವಾರವಿಲ್ಲವೆಂದು ಪೌಲರು ಅದೇ ಪತ್ರದಲ್ಲಿ ಎಚ್ಚರಿಸುತ್ತಾರೆ. ಇಂದು ರಾತ್ರಿ ಜಪಸರವಾದ ಮೇಲೆ, ಯಾರಿಗೋಸ್ಕರ ಎಂದು ಹೇಳುತ್ತಿದ್ದೀರೋ ಅವರನ್ನು ಒಮ್ಮೆ ಕೇಳಿ ನೋಡಿ: "ನಿನಗೇನು ಬೇಕು?"