ಪುರುಸೊತ್ತು ಯಾರಿಗಿದೆ?

ರಾವ್ ತುಲಾರಾಂ ಮಾರ್ಗದ ಸಂಘದ ಅಂಗಳದಲ್ಲಾಗಲಿ, ಆರ್.ಕೆ.ಪುರಂನ ಯಾವುದೇ ಸೆಕ್ಟರಿನಲ್ಲಾಗಲಿ ಕನ್ನಡಿಗರಿಬ್ಬರು ಎದುರಾದರೆ, ಕುಶಲಪ್ರಶ್ನೆಯ ಬೆನ್ನಿಗೇ ಬರುವ ಮಾತು ‘ಪುರುಸೊತ್ತೇ ಇಲ್ಲ ನೋಡಿ’ ಎಂಬುದು. ಇಲ್ಲಿನವರ ‘ಫುರ್ಸತ್’, ನಮ್ಮ ‘ಪುರುಸೊತ್ತು’ ಎರಡರ ಮೂಲವೂ ಒಂದೇ ಅರಬಿ ಪದ. ದಿಲ್ಲಿಗೆ ಬಂದ ನಮಗೆ ಪದವೇನೋ ಎರಡು ಭಾಷೆಗಳಲ್ಲಿ ದೊರೆಯಿತು. ವಸ್ತು ಮಾತ್ರ ಒಂದರಲ್ಲಿಯೂ ದೊರೆಯಲಿಲ್ಲ.

ಈ ಮಾತನ್ನಾಡುವಾಗ ನಮ್ಮ ದನಿಯಲ್ಲಿ ದೂರಿನೊಡನೆ ತುಸು ಹೆಮ್ಮೆಯೂ ಬೆರೆತಿರುತ್ತದೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ಕೇಳಿ ಬೆಳೆದವರು ನಾವು. ನೌಕರಿಯನ್ನು ನಂಬಿ ದೂರದ ಊರಿಗೆ ಬಂದವರಿಗೆ ಸುಮ್ಮನೆ ಕೂರುವುದು ಅಪರಾಧವೆಂಬಂತೆ ತೋರುವುದು ಸಹಜ. ಧ್ಯಾನದ ಮಾತೆತ್ತಿದರೆ ‘ನಿವೃತ್ತಿಯಾಗಲಿ, ನೋಡೋಣ’ ಎನ್ನುತ್ತೇವೆ. ಆದರೆ ಬಿಡುವು ದೊರೆತೊಡನೆ ಮನಸ್ಸು ತಾನಾಗಿ ನಿಲ್ಲುವುದೆ?

ನಮ್ಮ ನಗರದ ತಿಹಾರ್ ಕಾರಾಗೃಹದಲ್ಲಿರುವವರಿಗೆ ಕಾಲಕ್ಕೆ ಕೊರತೆಯಿಲ್ಲ. ಆದರೂ 1993ರಲ್ಲಿ, ಕಿರಣ್ ಬೇಡಿಯವರು ಅಲ್ಲಿನ ಮುಖ್ಯಾಧಿಕಾರಿಯಾಗಿದ್ದಾಗ, ಕೈದಿಗಳಿಗಾಗಿ ಹತ್ತು ದಿನಗಳ ವಿಪಶ್ಯನಾ ಶಿಬಿರ ನಡೆಸಬೇಕೆನಿಸಿತು. 1994ರ ಏಪ್ರಿಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕುಳಿತರು. ದೇಹ ಸೆರೆಯಲ್ಲಿದ್ದರೂ ಕೋಪ, ಚಿಂತೆಗಳ ಬೆನ್ನುಹತ್ತಿ ಮನಸ್ಸು ಓಡುತ್ತಲೇ ಇರುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆ ಸರಕಾರಿ ನೌಕರರು ಹೆಚ್ಚಾಗಿರುವ ನಮ್ಮ ಬಡಾವಣೆಗೆ ಇನ್ನೂ ಹತ್ತಿರದ್ದು. ಈ ಪದ್ಧತಿಯನ್ನು ಭಾರತದಲ್ಲಿ ಬೋಧಿಸಿದ ಸತ್ಯನಾರಾಯಣ ಗೋಯೆಂಕರಿಗೆ 1955ರಲ್ಲಿ ರಂಗೂನಿನಲ್ಲಿ ಧ್ಯಾನ ಕಲಿಸಿದ ಊ ಬಾ ಖಿನ್ ಅವರು ಸಂನ್ಯಾಸಿಯಲ್ಲ. 1948ರಲ್ಲಿ ಸ್ವತಂತ್ರವಾದ ಬರ್ಮಾದ ಅಕೌಂಟೆಂಟ್ ಜನರಲ್. ಏಕಕಾಲಕ್ಕೆ ಹಲವು ಇಲಾಖೆಗಳ ಹೊಣೆ ಹೊತ್ತವರು, ತಮ್ಮ ಕಚೇರಿಯ ಸಿಬ್ಬಂದಿಗೂ ಧ್ಯಾನ ಹೇಳಿಕೊಟ್ಟವರು. ಅಂದಮೇಲೆ ಧಾವಂತವೆಲ್ಲ ಕಡತದಲ್ಲಿಯೇ ಇದೆಯೆನ್ನಲಾಗದು. ಅದರ ದೊಡ್ಡ ಪಾಲು ನಮ್ಮೊಳಗಿದೆ.

ಮನಸ್ಸು ಗಾಳಿಯಂತೆ, ಹಿಡಿತಕ್ಕೆ ಸಿಗದು ಎಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನೂ ದೂರುತ್ತಾನೆ. ಕೃಷ್ಣ ಅದನ್ನು ಅಲ್ಲಗಳೆಯದೆ, ಅಭ್ಯಾಸ ಮತ್ತು ವೈರಾಗ್ಯಗಳಿಂದ ಸಾಧ್ಯವೆನ್ನುತ್ತಾನೆ. ಉಸಿರನ್ನು ಗಮನಿಸುತ್ತ ಕುಳಿತಾಗ ಮನಸ್ಸು ಓಡಿದರೆ ಸೋತಂತಲ್ಲ. ಓಡಿದ್ದನ್ನು ಕಂಡು ಮರಳಿ ಕರೆತರುವುದೇ ಅಭ್ಯಾಸ. ವೈರಾಗ್ಯವೆಂದರೆ ಸಂಸಾರ ಬಿಡುವುದೆಂದು ಹೆದರಬೇಕಿಲ್ಲ. ‘ನಾನಿಲ್ಲದೆ ಏನೂ ನಡೆಯದು’ ಎಂಬ ಹೆಮ್ಮೆಯನ್ನು ಬಿಟ್ಟರೆ ನಮ್ಮಂಥವರಿಗೆ ಅದೇ ಮೊದಲ ಮೆಟ್ಟಿಲು.

ಆದರೆ ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಇದೆ. ಬೆಳಗಿನ ಆರು ಗಂಟೆಗೆ ಯಜಮಾನರು ಕಣ್ಣು ಮುಚ್ಚಿ ಕುಳಿತಾಗ, ಅಡುಗೆಮನೆಯಲ್ಲಿ ಮಕ್ಕಳ ಡಬ್ಬಿ ತುಂಬುವವರು ಯಾರು? ಒಬ್ಬರ ಶಾಂತಿಗಾಗಿ ಇನ್ನೊಬ್ಬರ ಅವಸರ ಇಮ್ಮಡಿಯಾದರೆ ಅದು ಧ್ಯಾನವಲ್ಲ, ಕೆಲಸದಿಂದ ತಪ್ಪಿಸಿಕೊಳ್ಳುವ ಜಾಣತನ. ಹಾಗೆಯೇ, ಮಿತಿಮೀರಿ ಕೆಲಸ ಹೇರುವ ಮೇಲಧಿಕಾರಿಗೆ ‘ಆಗದು’ ಎನ್ನಬೇಕಾದಲ್ಲಿ ಉಸಿರು ಎಣಿಸುತ್ತ ಸುಮ್ಮನಿರುವುದೂ ಸಲ್ಲದು.

ಆದ್ದರಿಂದ ಮನೆಯಲ್ಲಿ ಗಂಡಹೆಂಡಿರು ಸರದಿ ಹಾಕಿಕೊಂಡು ಹದಿನೈದು ನಿಮಿಷ ಕೂರುವುದು ಒಳ್ಳೆಯದು. ಅದರ ಫಲವನ್ನು ಕಣ್ಣು ಮುಚ್ಚಿದಾಗಲ್ಲ, ತೆರೆದ ಮೇಲೆ ಪರೀಕ್ಷಿಸೋಣ. ಊರಿನಿಂದ ತಾಯಿಯ ಫೋನು ಬಂದಾಗ ಗಡಿಯಾರ ನೋಡದೆ ಅವರ ಮಾತು ಪೂರ್ತಿ ಕೇಳಿದೆವಾದರೆ, ಕೂತದ್ದು ಸಾರ್ಥಕವಾಯಿತೆನ್ನಬಹುದು.