ಅಳಿಸಿದ ಕಾಗದ

ಸ್ಲೇಟನ್ನು ಒದ್ದೆ ಬಟ್ಟೆಯಿಂದ ಎಷ್ಟು ಒರೆಸಿದರೂ, ಬೆಳಕಿಗೆ ಓರೆಯಾಗಿ ಹಿಡಿದರೆ ಹಿಂದಿನ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಮೂವತ್ತು ವರ್ಷ ಮಕ್ಕಳ ನಡುವೆ ಕಳೆದ ನನಗೆ ಇದು ಹೊಸದಲ್ಲ. ಕಂಪ್ಯೂಟರಿನಲ್ಲಿ ಅಳಿಸಿದ್ದೂ ಹೀಗೆಯೇ ಉಳಿದಿರುತ್ತದೆ ಎಂದು ತಿಳಿದಾಗ ಮಾತ್ರ ಸೋಜಿಗವಾಯಿತು.

ಹಾರ್ಡ್ ಡಿಸ್ಕಿನಲ್ಲಿ ಯಾವ ಫೈಲು ಎಲ್ಲಿದೆ ಎಂದು ಹೇಳುವ ಒಂದು ಪಟ್ಟಿ ಇರುತ್ತದೆ. ನಾವು ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ‘ಈ ಜಾಗ ಖಾಲಿ’ ಎಂಬ ಗುರುತು ಬೀಳುತ್ತದೆ, ಅಷ್ಟೆ. ಆ ಜಾಗದಲ್ಲಿ ಬೇರೇನಾದರೂ ಬರೆಯುವ ತನಕ ಹಳೆಯದು ಅಲ್ಲೇ ಇರುತ್ತದೆ. ಆದ್ದರಿಂದಲೇ, ಬೇಕಾದದ್ದು ಅಳಿಸಿಹೋದರೆ ಆ ಡಿಸ್ಕನ್ನು ಬಳಸುವುದನ್ನು ಕೂಡಲೇ ನಿಲ್ಲಿಸಿ, ಸಿಕ್ಕಿದ್ದನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಳ್ಳಬೇಕು. ಈಗಿನ ಎಸ್‌ಎಸ್‌ಡಿಗಳಲ್ಲಿ ಖಾಲಿಯಾದ ಜಾಗವನ್ನು ಯಂತ್ರವೇ ಬೇಗ ತೊಳೆದುಬಿಡುವುದರಿಂದ ಈ ಆಸೆ ಕಡಿಮೆ.

ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನಿಂದ ಹತ್ತನೇ ತರಗತಿಯ ಅಂಕಪಟ್ಟಿಗಳು ಅಳಿಸಿಹೋಗಿದ್ದವು. ಕಂಪ್ಯೂಟರ್ ಅಂಗಡಿಯ ಹುಡುಗ ಡಿಸ್ಕನ್ನು ಬಿಚ್ಚಿ ತನ್ನ ಯಂತ್ರಕ್ಕೆ ಜೋಡಿಸಿದ. ಸಾವಿರಾರು ಫೈಲುಗಳು ಎದ್ದು ಬಂದವು. ಹಲವಕ್ಕೆ ಹೆಸರಿಲ್ಲ, ಬರೀ ಸಂಖ್ಯೆ. ನಮಗೆ ಬೇಕಾದದ್ದು ಯಾವುದೆಂದು ತಿಳಿಯಲು ಎಲ್ಲರದನ್ನೂ ತೆರೆಯಬೇಕು. ಮುಖ್ಯೋಪಾಧ್ಯಾಯಿನಿಯವರು ಆ ಕೆಲಸವನ್ನು ನನಗೆ ಒಪ್ಪಿಸಿದರು.

ಅಂಕಪಟ್ಟಿಗಳ ನಡುವೆ ಒಂದು ಕಾಗದ ತೆರೆದುಕೊಂಡಿತು. “ಅಣ್ಣ, ಮಗುವನ್ನು ಕರೆದುಕೊಂಡು ಬಂದುಬಿಟ್ಟರೆ ನಿನಗೆ ಭಾರವಾಗುತ್ತದೆಯೇ?” ಕಣ್ಣು ಓದುವ ಮೊದಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕಾಗದದ ತಲೆಯಲ್ಲಿದ್ದ ಊರಿನ ಹೆಸರಿನಿಂದ ಬರೆದವರು ಯಾರೆಂದೂ ತಿಳಿಯಿತು. ತಕ್ಷಣ ಮುಚ್ಚಿದೆ.

ಮನಸ್ಸು ಮಾತ್ರ ಮುಚ್ಚಲಿಲ್ಲ. ತವರಿಗೆ ಬರೆದು, ಕಳಿಸಲಾರದೆ, ಹರಿದು ಒಲೆಗೆ ಹಾಕಿದ ಕಾಗದಗಳು ನಮ್ಮ ಮನೆಗಳಲ್ಲಿ ಎಷ್ಟಿಲ್ಲ! ಒಲೆ ಗುಟ್ಟು ಕಾಯುತ್ತಿತ್ತು. ಬರೆಯುವುದು ಹೇಗೆ ಆಕೆಯ ಇಷ್ಟವೋ, ಅಳಿಸುವುದೂ ಆಕೆಯ ಇಷ್ಟವೇ. ಅದನ್ನು ಯಂತ್ರ ಎತ್ತಿಕೊಟ್ಟಿತೆಂದು ನಾನು ಓದಬಹುದೇ? ಇನ್ನೊಂದು ಕಡೆ, ಒಬ್ಬಳ ಸಂಕಟ ಕಣ್ಣಿಗೆ ಬಿದ್ದ ಮೇಲೂ ಕಾಣದವಳಂತೆ ಇರುವುದು ಧರ್ಮವೇ?

ಇದು ನಮ್ಮೊಂದು ಶಾಲೆಯ ಮಾತಲ್ಲ. ಅಮೆರಿಕದ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು 158 ಹಳೆಯ ಹಾರ್ಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಲೇಖನ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಒರೆಸಿದ್ದವು 12 ಮಾತ್ರ. ಯಾರದೋ ಕಾಯಿಲೆಯ ವಿವರ, ಯಾರದೋ ಖಾಸಗಿ ಪತ್ರ, ಎಲ್ಲವೂ ಅಪರಿಚಿತರ ಕೈ ಸೇರಿದ್ದವು. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ನಮ್ಮ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕಂಡ ಒಂದು ಸಾಲನ್ನು ಏನು ಮಾಡಬೇಕೆಂದು ಕಾನೂನು ನನ್ನಂಥವಳಿಗೆ ಹೇಳಿಕೊಡಲಾರದು.

ಅಂಕಪಟ್ಟಿಗಳನ್ನಷ್ಟೇ ಹೊಸ ಡಿಸ್ಕಿಗೆ ಹಾಕಿಸಿದೆ. ಆಮೇಲೆ ಆಕೆ ಒಬ್ಬರೇ ಇದ್ದಾಗ ಹೇಳಿದೆ: “ನಿಮ್ಮದೊಂದು ಕಾಗದವೂ ಎದ್ದು ಬಂದಿತ್ತು. ಒಂದು ಸಾಲು ಕಣ್ಣಿಗೆ ಬಿತ್ತು. ಮುಂದೆ ಓದಿಲ್ಲ, ಯಾರಿಗೂ ಹೇಳಿಲ್ಲ. ನಮ್ಮ ಮನೆ ನಿಮಗೆ ಗೊತ್ತೇ ಇದೆಯಲ್ಲ, ಯಾವ ಹೊತ್ತಿಗಾದರೂ ಬನ್ನಿ.” ಆಕೆ ತಲೆ ತಗ್ಗಿಸಿ “ಆಗಲಿ ಮೇಡಂ” ಎಂದರು. ಮತ್ತೇನನ್ನೂ ನಾನು ಕೇಳಲಿಲ್ಲ.

ಸಂಸಾರದಲ್ಲಿಯೂ ನಾವು ಎಷ್ಟೋ ಸಲ ಇನ್ನೊಬ್ಬರು ಅಳಿಸಿಕೊಂಡದ್ದನ್ನು ಅಚಾನಕ್ಕಾಗಿ ಕಾಣುತ್ತೇವೆ: ಸೊಸೆಯ ಊದಿದ ಕಣ್ಣು, ನೆರೆಮನೆಯ ಅರ್ಧಕ್ಕೇ ನಿಂತ ಮಾತು. ಕೆದಕಿ ಕೇಳುವ ಅಧಿಕಾರ ಅದರಿಂದ ನಮಗೆ ಬರುವುದಿಲ್ಲ. ಹೇಳಬೇಕೆನ್ನಿಸಿದ ದಿನ ಅವರು ಬರಲಿಕ್ಕೆ ನಮ್ಮ ಬಾಗಿಲು ತೆರೆದಿರಬೇಕು. ಅಷ್ಟು ಹೊಣೆಯನ್ನು ಹೊರದಿದ್ದರೆ, ಕಂಡ ಕಣ್ಣಿಗೆ ಏನು ಬೆಲೆ?