ಹಾಡುವ ಅಧಿಕಾರ

ಹಾಡುವ ಅಧಿಕಾರ ಯಾರಿಗುಂಟು? ಪಳಗಿದವನಿಗೆ ಮಾತ್ರವೋ, ಹಂಬಲವುಳ್ಳವರೆಲ್ಲರಿಗೂ ಉಂಟೋ? ಬೆಂಗಳೂರಿನಂಥ ನಗರಗಳ ಪಾನಗೃಹಗಳಲ್ಲಿ ಈಗ ಗೊತ್ತುಪಡಿಸಿದ ರಾತ್ರಿಗಳಲ್ಲಿ ‘ಓಪನ್ ಮೈಕ್’ ಎಂಬ ಗಾಯನಕೂಟ ನಡೆಯುವದು. ಹೆಸರು ಬರೆಯಿಸಿದವನಿಗೆ ಸರದಿ ಬರುವದು. ಅವನು ಯಾರಲ್ಲಿ ಕಲಿತನೆಂದು ಯಾರೂ ಕೇಳುವದಿಲ್ಲ. ಹುಬ್ಬಳ್ಳಿ-ಧಾರವಾಡದ ಬೈಠಕುಗಳಲ್ಲಿ ಕಿವಿ ತಿದ್ದಿಕೊಂಡ ರಸಿಕನಿಗೆ ಇದು ಅಪಚಾರವಾಗಿ ತೋರಿದರೆ ಆಶ್ಚರ್ಯವಿಲ್ಲ.

ಅವನ ಪಕ್ಷವು ಬಲವಾದದ್ದೇ. ಕುಂದಗೋಳದ ಸವಾಯಿ ಗಂಧರ್ವರಲ್ಲಿಗೆ (1886–1952) ಕಲಿಯಲು ಬಂದ ಬಾಲಕ ಭೀಮಸೇನ ಜೋಶಿಯವರು ಮೊದಲು ಮನೆಗೆಲಸ ಮಾಡಿಕೊಂಡಿರಬೇಕಾಯಿತು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಆಗಗಾಡಿಯಲ್ಲಿ ಕುಂದಗೋಳಕ್ಕೆ ಹೋಗಿಬಂದು ಕಲಿತರು. ಹಸಿಯಾದ ಸ್ವರವನ್ನು ಸಭೆಗೆ ತರುವದು ಕಲೆಗೂ ಕೇಳುವವನಿಗೂ ಮಾಡಿದ ಅನ್ಯಾಯವೆಂದು ಆ ಪರಂಪರೆ ಬಗೆಯುವದು. ಅನ್ಯರ ಒಂದು ತಾಸಿನ ಕಾಲವನ್ನು ಪುಕ್ಕಟೆ ಕಳೆಯುವ ಹಕ್ಕು ಯಾರಿಗೂ ಇಲ್ಲವಷ್ಟೆ?

ಆದರೆ ‘ಅಧಿಕಾರವಿಲ್ಲ’ ಎಂಬ ಮಾತನ್ನು ಈ ನಾಡಿನಲ್ಲಿ ಗುರುಗಳೊಬ್ಬರೇ ಆಡಲಿಲ್ಲ. ಧಾರವಾಡದ ಬೀದಿಯಲ್ಲಿ ನಡೆಯುವಾಗ ಗಂಗೂಬಾಯಿಯವರನ್ನು (1913–2009) ಹಾಡುವವಳೆಂದು ಹಂಗಿಸಿದವರು ಅವರ ಸ್ವರದ ತಪ್ಪನ್ನು ಎಣಿಸಲಿಲ್ಲ, ಕುಲವನ್ನೆಣಿಸಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರೆದುರು ಹಾಡಿದ ಆ ಬಾಲೆಗೆ, ಊಟದ ಸ್ಥಳ ಬಳಿಯಲು ತನಗೆ ಹೇಳಿಯಾರೆಂಬ ಅಂಜಿಕೆಯಿತ್ತಂತೆ. ಮುಂದೆ ಅವರೇ ಇದನ್ನು ನೆನೆದು ಹೇಳಿದರು. ಅದೇ ಕಾಲದ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರು ಹಾಡಿ ಕೀರ್ತಿ ಪಡೆಯುತ್ತಿದ್ದರು; ಸವಾಯಿ ಗಂಧರ್ವರೂ ಅವರಲ್ಲೊಬ್ಬರು.

‘ಇನ್ನೂ ಬೇಡ’ ಎಂಬುದು ಬೇರೆ, ‘ನೀನು ಬೇಡ’ ಎಂಬುದು ಬೇರೆ. ಮೊದಲನೆಯದಕ್ಕೆ ಅವಧಿಯುಂಟು. ಎರಡನೆಯದು ಮೊದಲನೆಯದರ ಉಡುಪು ತೊಟ್ಟು ಬರುವದೇ ಹೆಚ್ಚು. ಬಾಗಿಲು ಕಾಯುವವರಿಗೂ ಎಷ್ಟೋ ಸಲ ಆ ಭೇದ ತಿಳಿದಿರುವದಿಲ್ಲ.

ತೆರೆದ ವೇದಿಕೆಯ ಉಪಕಾರವನ್ನೂ ಈ ನಾಡು ಉಂಡಿದೆ. ಮಲ್ಲಿಕಾರ್ಜುನ ಮನಸೂರರು (1910–1992) ಎಳವೆಯಲ್ಲಿ ನಾಟಕಮಂಡಳಿಯಲ್ಲಿ ಹಾಡುತ್ತಿದ್ದಾಗಲೇ ಅಪ್ಪಯ್ಯಸ್ವಾಮಿಗಳ ಕಿವಿಗೆ ಬಿದ್ದರು. ಆ ಬಳಿಕ ಮಿರಜಿಯ ನೀಲಕಂಠಬುವಾ ಅವರ ಶಿಷ್ಯರಾದರು. ಪಳಗಿದ ಮೇಲೆಯೇ ಹಾಡಬೇಕೆಂಬ ನಿಯಮವು ಕಟ್ಟುನಿಟ್ಟಾಗಿದ್ದರೆ ಆ ಗುರುವಿಗೆ ಆ ಶಿಷ್ಯನು ಕಾಣಿಸುತ್ತಿದ್ದನೇ?

ಹಾಗೆಂದು ಪಾನಗೃಹವನ್ನು ಹೊಗಳಿಬಿಡುವದು ಆತುರವಾದೀತು. ಮಠದ ಭಜನೆಯಲ್ಲಿ ಯಾರು ದನಿಗೂಡಿಸಿದರೂ ಸಲ್ಲುವದು. ಅಲ್ಲಿ ಕೇಳುವವನು ದೇವರು, ಅವನಿಗೆ ಶ್ರುತಿಯ ಚಿಂತೆಯಿಲ್ಲ. ಬೈಠಕಿನಲ್ಲಿ ಕೇಳುವವನು ಬಲ್ಲವನು. ಪಾನಗೃಹದಲ್ಲಿ ಕುಳಿತವನು ಇಬ್ಬರೂ ಅಲ್ಲ. ಹರಟೆಯ ನಡುವೆ ಅಷ್ಟಿಷ್ಟು ಕಿವಿಗೊಟ್ಟು, ಚೆನ್ನಾಗಿ ಹಾಡಿದವನಿಗೂ ಕೆಟ್ಟು ಹಾಡಿದವನಿಗೂ ಒಂದೇ ಚಪ್ಪಾಳೆ ತಟ್ಟುವನು. ಬೈಗಳು ಕಲಿಸುವಷ್ಟನ್ನೂ ಇಂಥ ಚಪ್ಪಾಳೆ ಕಲಿಸಲಾರದು. ಹಾಡುವ ಹುಡುಗನಿಗೆ ಅಲ್ಲಿ ಬಾಗಿಲು ಸಿಕ್ಕಿತು, ಕಿವಿ ಸಿಗಲಿಲ್ಲ. ದೋಷವು ಹಾಡುವವನದಕ್ಕಿಂತ ಕೇಳುವವನದೇ ಹೆಚ್ಚೆನ್ನಬೇಕು.

ಗಂಗೂಬಾಯಿಯವರ ತಾಯಿ ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ನುರಿತವರು. ಧಾರವಾಡಕ್ಕೆ ಬಂದಾಗ ಅಬ್ದುಲ್ ಕರೀಮಖಾನರೂ ಅವರ ಹಾಡಿಗೆ ಕಿವಿಗೊಟ್ಟವರು. ಮಗಳು ಹಿಂದುಸ್ತಾನಿ ಪದ್ಧತಿಯನ್ನು ಕಲಿಯಹತ್ತಿದಾಗ, ಅವಳ ಸ್ವರದಲ್ಲಿ ಬೆರಕೆಯಾಗಬಾರದೆಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿಬಿಟ್ಟರು.